ಹೊಸ ಬ್ರೇಕ್ ಪ್ಯಾಡು ಕೂಡುವ ತನಕ



ಕಾರಿಗೆ ಹೊಸ ಬ್ರೇಕ್ ಪ್ಯಾಡು ಹಾಕಿಸಿದ ದಿನ ನಮ್ಮ ಬೆಳುಂಕಿಯ ಕಡೆ ಒಂದು ಮಾತು ಕೇಳಿಬರುತ್ತದೆ: "ರೊಕ್ಕಾ ಕೊಟ್ಟು ಹೊಸಾವು ಹಾಕಿಸೇನಿ, ಆದ್ರೂ ಬ್ರೇಕ್ ಹತ್ತವಲ್ದು." ಮರಾಠಿಯವರು "ಬ್ರೇಕ್ ಲಾಗತ ನಾಹೀ" ಎನ್ನುತ್ತಾರೆ. ಗ್ಯಾರೇಜಿನವನ ಉತ್ತರವೂ ಎರಡು ಭಾಷೆಗಳಲ್ಲಿ ಒಂದೇ: "ಪ್ಯಾಡ್ ಕೂಡಬೇಕ್ರೀ", "ಪ್ಯಾಡ್ ಬಸಾಯಲಾ ಪಾಹಿಜೆ." ಕೆಲವರು ಇದನ್ನು ಜಾರಿಕೊಳ್ಳುವ ಮಾತೆಂದು ತಿಳಿಯುತ್ತಾರೆ. ಆದರೆ ಆ ಮಾತು ನಿಜ. ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ಕಾರಕೂನನಾಗಿ ಲೆಕ್ಕ ಬರೆದು ನಿವೃತ್ತನಾದವನು. ಆದ್ದರಿಂದ ಲೆಕ್ಕ ಒಪ್ಪಿಸುವಂತೆ ಮೊದಲಿನಿಂದಲೇ ಹೇಳುತ್ತೇನೆ.

ಚಕ್ಕಡಿಯನ್ನು ನಿಲ್ಲಿಸುವುದು ಬಹುಮಟ್ಟಿಗೆ ಎತ್ತುಗಳ ಕೆಲಸ. ಹಗ್ಗ ಜಗ್ಗಿದರೆ ಅವು ನಿಲ್ಲುತ್ತವೆ. ಮೋಟಾರಿಗೆ ಹಾಗಲ್ಲ, ಗಾಲಿಯನ್ನೇ ಹಿಡಿದು ನಿಲ್ಲಿಸಬೇಕು. ಮೊದಮೊದಲು ಕಟ್ಟಿಗೆಯ ತುಂಡೊಂದನ್ನು ಗಾಲಿಗೆ ಒತ್ತಿ ನಿಲ್ಲಿಸುತ್ತಿದ್ದರು. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಕಾರ್ಲ್ ಬೆಂಝ್ ಅವರ ಹೆಂಡತಿ ಬರ್ಥಾ ಬೆಂಝ್, ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮನ್‌ಹೈಮ್ ಊರಿನಿಂದ ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಳಿಜಾರಿನಲ್ಲಿ ಕಟ್ಟಿಗೆಯ ಬ್ರೇಕು ಸವೆದುಹೋಯಿತು. ಆ ತಾಯಿ ದಾರಿಯಲ್ಲಿ ಚಮ್ಮಾರನೊಬ್ಬನ ಬಳಿ ನಿಂತು ಬ್ರೇಕಿಗೆ ತೊಗಲು ಹೊಡೆಸಿಕೊಂಡರು. ಇಂದಿನ ಬ್ರೇಕ್ ಲೈನಿಂಗಿನ ಮೂಲ ಅಲ್ಲಿದೆ.

ಇಂಗ್ಲೆಂಡಿನಲ್ಲಿಯೂ ಇಂಥದೇ ಕಥೆ. ಕುದುರೆ ಗಾಡಿಯವರು ಹಳೆಯ ಬೂಟಿನ ಅಟ್ಟೆಯನ್ನು ಬ್ರೇಕಿನ ಕಟ್ಟಿಗೆಗೆ ಬಡಿಯುವುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ಕಂಡ. ಇದಕ್ಕಿಂತ ಗಟ್ಟಿಯಾದದ್ದನ್ನು ಮಾಡಬಹುದೆಂದು 1897ರಲ್ಲಿ ಕೆಲಸ ತೊಡಗಿದ. ಅದೇ ಮುಂದೆ ಫೆರೋಡೊ ಕಂಪನಿಯಾಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸೇರಿಸಿದ ಲೈನಿಂಗುಗಳು ಬಂದವು. ಕಾವಿಗೆ ಅವು ಸುಡುತ್ತಿರಲಿಲ್ಲ.

1902 ಈ ಚರಿತ್ರೆಯಲ್ಲಿ ಮುಖ್ಯ ವರ್ಷ. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಢಿಗೆ ತಂದರು. ಅದೇ ವರ್ಷ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಗಾಲಿಯೊಂದಿಗೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಹಿಚುಕಿ ಹಿಡಿಯುವುದೇ ಡಿಸ್ಕ್ ಬ್ರೇಕು. ಅವರು ಬಳಸಿದ ತಾಮ್ರದ ಪ್ಯಾಡು ಕಿವಿಗಡಚಿಕ್ಕುವಂತೆ ಕಿರುಚುತ್ತಿತ್ತು. ಡಿಸ್ಕ್ ಬ್ರೇಕಿಗೆ ಹೆಸರು ಬಂದದ್ದು ಅರ್ಧ ಶತಮಾನದ ಮೇಲೆ, 1953ರಲ್ಲಿ, ಫ್ರಾನ್ಸಿನ ಲ ಮಾನ್ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಾಗ.

ನಮ್ಮ ದೇಶದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳು ಬಹುಕಾಲ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕಿನಲ್ಲೇ ಓಡಿದವು. 1980ರ ದಶಕದಲ್ಲಿ ಮಾರುತಿ ಕಾರುಗಳು ಹೆಚ್ಚಿದ ಮೇಲೆ ಮುಂದಿನ ಗಾಲಿಯ ಡಿಸ್ಕು, ಪ್ಯಾಡು ಎಂಬ ಮಾತುಗಳು ಹಳ್ಳಿಗೂ ಬಂದವು.

ಈಗ ಹೊಸ ಪ್ಯಾಡಿನ ಮಾತಿಗೆ ಬರೋಣ. ಪ್ಯಾಡು ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗವನ್ನು ಬ್ರೇಕ್ ಆಯಿಲು ತುಂಬುತ್ತದೆ. ಆದ್ದರಿಂದ ಮೇಲಿನ ಡಬ್ಬಿಯಲ್ಲಿ ಆಯಿಲು ಇಳಿಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಖರ್ಚಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆ. ಇದನ್ನರಿಯದೆ ನಡುವೆ ಆಯಿಲು ತುಂಬಿಸಿಟ್ಟರೆ, ಹೊಸ ಪ್ಯಾಡಿಗಾಗಿ ಪಿಸ್ಟನ್ ಹಿಂದೆ ಒತ್ತಿದಾಗ ಡಬ್ಬಿ ತುಳುಕಿ ಬಣ್ಣ ಕೆಡುತ್ತದೆ. ಸೋರಿಕೆಯಿಂದ ಇಳಿದಿದ್ದರೆ ಮಾತು ಬೇರೆ. ಅದನ್ನು ಕೂಡಲೇ ತೋರಿಸಬೇಕು.

ಹೀಗೆ ಹಿಂದೆ ಸರಿದ ಪಿಸ್ಟನ್ ಪ್ಯಾಡನ್ನು ಮುಟ್ಟುವ ತನಕ ಪೆಡಲು ಬರಿದಾಗಿ ತಳಕ್ಕೆ ಹೋಗುತ್ತದೆ. ಆದ್ದರಿಂದ ಗ್ಯಾರೇಜಿನಿಂದ ಗಾಡಿ ಕದಲಿಸುವ ಮೊದಲೇ, ನಿಂತಲ್ಲೇ, ಪೆಡಲು ಗಟ್ಟಿಯಾಗುವ ತನಕ ಮೆಲ್ಲಗೆ ನಾಲ್ಕಾರು ಸಲ ಒತ್ತಬೇಕು. ಎಷ್ಟು ಒತ್ತಿದರೂ ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಅಂಥ ಗಾಡಿಯನ್ನು ಹೊರಗೆ ತರಬೇಡಿ.

ಪೆಡಲು ಗಟ್ಟಿಯಾದ ಮೇಲೂ ಹಿಡಿತ ಕಡಿಮೆ ಇರುತ್ತದೆ. ಹಳೆಯ ಡಿಸ್ಕಿನ ಮೇಲೆ ಗೆರೆಗಳು ಬಿದ್ದಿರುತ್ತವೆ, ಹೊಸ ಪ್ಯಾಡಿನ ಮುಖ ಸಪಾಟು. ಒಂದು ಇನ್ನೊಂದನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ. ಉಜ್ಜಿ ಉಜ್ಜಿ ಪ್ಯಾಡು ಡಿಸ್ಕಿನ ಆಕಾರಕ್ಕೆ ಬರಬೇಕು, ಡಿಸ್ಕಿನ ಮೇಲೆ ಪ್ಯಾಡಿನ ತೆಳುವಾದ ಲೇಪವೂ ಕೂಡಬೇಕು. "ಹತ್ತುವುದು", "ಕೂಡುವುದು" ಎಂಬ ನಮ್ಮ ಮಾತುಗಳ ಅರ್ಥ ಇದೇ. ಹೊಸ ಕೊಲ್ಲಾಪುರಿ ಚಪ್ಪಲಿ ಕಾಲಿಗೆ ಹೊಂದಲು ಕೆಲವು ದಿನ ಬೇಕಲ್ಲವೇ? ತೊಗಲಿನ ಕಾಲದಿಂದ ಇಂದಿನ ತನಕ ಪ್ಯಾಡಿನ ಸಾಮಾನು ಬದಲಾಗಿದೆ, ಈ ಹೊಂದಿಕೆಯ ಅಗತ್ಯ ಬದಲಾಗಿಲ್ಲ.

ಇದಕ್ಕೆ ಮಾಡಬೇಕಾದದ್ದು ಸುಲಭ. ಹಿಂದೆ ಮುಂದೆ ವಾಹನವಿಲ್ಲದ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 15ಕ್ಕೆ ಇಳಿಯುವಂತೆ ಹದವಾಗಿ ಬ್ರೇಕು ಒತ್ತಿ, ಮತ್ತೆ ಓಡಿಸಿ ಆರಗೊಡಬೇಕು. ಹೀಗೆ ಎಂಟು ಹತ್ತು ಸಲ. ಕಾದ ಬ್ರೇಕನ್ನು ಒತ್ತಿಕೊಂಡೇ ನಿಲ್ಲಬಾರದು. ಸ್ವಲ್ಪ ಸುಟ್ಟ ವಾಸನೆ ಬಂದರೆ ಅಂಜಬೇಕಿಲ್ಲ. ಆಮೇಲೆ 200ರಿಂದ 300 ಕಿಲೋಮೀಟರ್ ನಯವಾಗಿ ಓಡಿಸಿ, ಮುಂದಿನ ಗಾಡಿಯಿಂದ ಹೆಚ್ಚು ಅಂತರ ಇಡಬೇಕು. ಕಂಪನಿಯವರ ಪುಸ್ತಕದಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಿರಿ.

ನಮ್ಮ ಬಯಲುಸೀಮೆಯವರಿಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. ಜತ್ತಿನ ಮೇಲೆ ಹಾಯುವ ವಿಜಯಪುರ–ಗುಹಾಗರ ಹೆದ್ದಾರಿ ಮುಂದೆ ಕರಾಡ, ಪಾಟಣ ದಾಟಿ ಕುಂಭಾರ್ಲಿ ಘಾಟಿನಲ್ಲಿ ಕೊಂಕಣಕ್ಕೆ ಇಳಿಯುತ್ತದೆ. ಬಯಲಿನಲ್ಲಿ ಸೋತ ಬ್ರೇಕೂ ಹೇಗೋ ನಡೆದೀತು, ಘಾಟಿನಲ್ಲಿ ನಡೆಯುವುದಿಲ್ಲ. ಪ್ರವಾಸದ ಹಿಂದಿನ ದಿನ ಹೊಸ ಪ್ಯಾಡು ಹಾಕಿಸುವ ರೂಢಿ ಒಳ್ಳೆಯ ಉದ್ದೇಶದ್ದೇ, ಆದರೆ ಅಪಾಯದ್ದು. ಹಸಿ ಪ್ಯಾಡಿನೊಳಗಿನ ರಾಳ ಘಾಟಿನ ಕಾವಿಗೆ ಅನಿಲ ಬಿಡುತ್ತದೆ. ಆಗ ಪೆಡಲು ಗಟ್ಟಿಯಿದ್ದರೂ ಗಾಡಿ ಜಾರುತ್ತದೆ. ಆಯಿಲೂ ಹಳೆಯದಾದರೆ ಕಷ್ಟ ಇಮ್ಮಡಿ. ಡಾಟ್ 3 ಎಂಬ ಜಾತಿಯ ಹೊಸ ಆಯಿಲು ಕನಿಷ್ಠ 205 ಡಿಗ್ರಿಯ ತನಕ ಕುದಿಯಬಾರದು. ನೀರಿನ ಪಸೆ ಹೀರಿದ ಮೇಲೆ 140ಕ್ಕೂ ಕುದಿಯಬಹುದು.

ಆದ್ದರಿಂದ ಪ್ಯಾಡನ್ನು ಪ್ರವಾಸದ ಒಂದೆರಡು ವಾರ ಮೊದಲೇ ಹಾಕಿಸಿ ಕೂಡಿಸಿಕೊಳ್ಳಿರಿ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿರಿ. ಘಾಟಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಿರಿ. ಕೆಲಸ ಮಾಡುವ ಹುಡುಗರಿಗೂ ಒಂದು ಮಾತು: ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿರಿ, ಗಾಳಿಯ ಪೈಪಿನಿಂದಲೂ ಬೇಡ. ಕಲ್ನಾರಿನ ಧೂಳು ಪುಪ್ಪುಸಕ್ಕೆ ಮಾರಕವೆಂದು ಬ್ರಿಟನ್ 1999ರಲ್ಲಿ ಅದರ ಬಳಕೆ ನಿಲ್ಲಿಸಿತು. ಹಳೆಯ ಲೈನಿಂಗಿನಲ್ಲಿ ಅದು ಇದ್ದರೂ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿರಿ.