ಗಂಟಿ ಮೇಯ್ಸುವವನ ಪ್ರೇಮಕಥೆ

ರಜೆಗೆ ಬಂದಿದ್ದ ತಮ್ಮನ ಮಗಳು ನನ್ನ ಮೊಬೈಲಿಗೊಂದು ಇಂಗ್ಲಿಷ್ ಕಾದಂಬರಿ ಹಾಕಿಕೊಟ್ಟು ಹೋದಳು. “ನಿಮ್ಗೆ ಪತ್ತೇದಾರಿ ಇಷ್ಟ ಅಲ್ದಾ ಅತ್ತೆ, ಇದ್ರಲ್ಲಿ ಲವ್ವೂ ಇತ್ತ್.” ಮುಖಪುಟದಲ್ಲಿ ಅಂಗಿಯ ಗುಂಡಿ ಹಾಕಲು ಮರೆತ ಒಬ್ಬ ಕೌಬಾಯ್. ಅಮೆರಿಕದ ಯಾವುದೋ ಪುಟ್ಟ ಪೇಟೆ, ಅಪ್ಪ ಸತ್ತ ಮೇಲೆ ಅಲ್ಲಿಗೆ ಮರಳಿದ ಹೆಣ್ಣು, ಬಾಗಿಲಡಿಯಿಂದ ತೂರಿ ಬರುವ ಹೆಸರಿಲ್ಲದ ಚೀಟಿಗಳು, ಬೇಲಿಯಾಚೆ ದನ ಸಾಕಿಕೊಂಡಿರುವ ಮಿತಭಾಷಿ ಗಂಡು. ಜಗಲಿಯಲ್ಲಿ ಕೂತು ಓದುತ್ತಿದ್ದಾಗ ಹಾಲು ತಂದ ಪಕ್ಕದ ಮನೆಯವಳು ಇಣುಕಿದಳು.

“ಯಾರಕ್ಕ ಈ ಗಂಡ್?”

“ದನ ಮೇಯ್ಸುವವ.”

“ಅಯ್ಯೋ, ಗಂಟಿ ಮೇಯ್ಸುವವ್ನ್ ಕಾಂಬುಕೆ ಪುಸ್ತಕ ಯಾಕೆ? ನಮ್ ಹಕ್ಕಲಿಗ್ ಬನ್ನಿ!”

ಕುಂದಾಪುರದ ಕಡೆ ದನಕರುಗಳಿಗೆ ಗಂಟಿ ಎನ್ನುತ್ತೇವೆ. ಗಂಟಿ ಮೇಯಿಸುವ ಮಾಣಿಯ ತಲೆಯ ಮೇಲೆ ಅಡಿಕೆ ಹಾಳೆಯ ಮುಟ್ಟಾಳೆ, ಕೈಯಲ್ಲೊಂದು ಕೋಲು, ಹೊಟ್ಟೆಯಲ್ಲಿ ಬೆಳಗಿನ ಗಂಜಿ. ಅವನನ್ನು ನಾಯಕನನ್ನಾಗಿ ಮಾಡಿದ ಪ್ರೇಮಕಥೆ ನನ್ನ ಕೈಗಂತೂ ಸಿಕ್ಕಿಲ್ಲ. ಕೌಬಾಯ್ ಎಂಬ ಶಬ್ದ ನಾನು ಕೇಳಿದ್ದೇ 1973ರ ದ್ವಾರಕೀಶರ ‘ಕೌಬಾಯ್ ಕುಳ್ಳ’ ಸಿನಿಮಾದಿಂದ. ಆದರೆ ಪುಟ್ಟ ಊರು, ಪ್ರೇಮ, ಭಯ ಈ ಮೂರನ್ನು ಬೆರೆಸಿ ಓದುವ ಚಟ ನಮಗೆ ಹೊಸದಲ್ಲ.

ಅದೇ ಕಾಲದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಮಧ್ಯಾಹ್ನ ಐದಾರು ಹೆಂಗಸರು ಬೀಡಿ ಕಟ್ಟಲು ಕೂರುತ್ತಿದ್ದರು. ನೀರಲ್ಲಿ ನೆನೆಸಿದ ಎಲೆ, ಮಡಿಲಲ್ಲಿ ಗೆರಸಿ, ಅದರಲ್ಲಿ ಹೊಗೆಸೊಪ್ಪಿನ ಪುಡಿ. ತಗಡಿನ ಅಳತೆ ಇಟ್ಟು ಕಚಕಚನೆ ಎಲೆ ಕತ್ತರಿಸುವುದು, ಸುತ್ತುವುದು, ಬಾಯಿ ಮಡಚಿ ನೂಲು ಬಿಗಿಯುವುದು. ಎಂಟನೇ ಕ್ಲಾಸಿನಲ್ಲಿದ್ದ ನನ್ನದು ಓದುವ ಕೆಲಸ. ನಾನು ಕಟ್ಟಬೇಕಾದ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಿದ್ದರು. ಕತ್ತರಿಯ ಸದ್ದು ನಿಂತರೆ ಕಥೆ ಹಿಡಿದಿದೆ ಎಂದರ್ಥ. ತೀರಾ ಹೊತ್ತು ನಿಂತರೆ ಅಬ್ಬಿ, ಅಂದರೆ ನನ್ನಮ್ಮ, ಕೆಮ್ಮುತ್ತಿದ್ದಳು, ಕೈಗಳು ಮತ್ತೆ ಓಡುತ್ತಿದ್ದವು. ಕ್ಯೂಬಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದಲೇ ಕೆಲಸಗಾರರು ತಮ್ಮ ಖರ್ಚಿನಲ್ಲಿ ಓದುವವನೊಬ್ಬನನ್ನು ಇಟ್ಟುಕೊಳ್ಳುತ್ತಿದ್ದರು, ಅಲ್ಲಿ ಮೆಚ್ಚಿದ ಡ್ಯೂಮಾನ ಕಾದಂಬರಿಯಿಂದಲೇ ಮಾಂಟೆಕ್ರಿಸ್ಟೊ ಚುಟ್ಟಾಕ್ಕೆ ಹೆಸರು ಬಂತು ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಅಲ್ಲಿ ಓದುವವನಿಗೆ ಸಂಬಳವಿತ್ತು. ನನಗೆ ಬೆಲ್ಲದ ತುಂಡು.

ಪುಸ್ತಕ ಬರುತ್ತಿದ್ದದ್ದು ಪೇಟೆಯ ಬಾಡಿಗೆ ಲೈಬ್ರರಿಯಿಂದ. ತ್ರಿವೇಣಿ, ಎಂ.ಕೆ. ಇಂದಿರಾ ಬಿಟ್ಟರೆ ಹೆಚ್ಚು ಕೈ ಬದಲಾಯಿಸಿದ್ದು ಎನ್. ನರಸಿಂಹಯ್ಯನವರ ಪತ್ತೇದಾರಿಗಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಐನೂರರ ಆಸುಪಾಸು ಕಾದಂಬರಿ ಬರೆದ ಪುಣ್ಯಾತ್ಮ. ಅವರ ಪತ್ತೇದಾರ ಪುರುಷೋತ್ತಮ ನಮ್ಮ ಜಗಲಿಗೆ ನೆಂಟನಂತಿದ್ದ. ಇಲ್ಲೊಂದು ಗುಟ್ಟು ಹೇಳಬೇಕು. ಬರೀ ಪ್ರೇಮದ ಪುಸ್ತಕವನ್ನು ಅಪ್ಪಯ್ಯನೆದುರು ಗಟ್ಟಿಯಾಗಿ ಓದುವಂತಿರಲಿಲ್ಲ. ಪತ್ತೇದಾರಿಗೆ ಅಡ್ಡಿಯಿಲ್ಲ, ಅದರಲ್ಲಿ ಕಳ್ಳ ಸಿಕ್ಕಿಬೀಳುತ್ತಾನಲ್ಲ! ಹಾಗಾಗಿ ನಮ್ಮ ಜಗಲಿಗೆ ಪ್ರೇಮ ಪೊಲೀಸರ ಕಾವಲಲ್ಲೇ ಬಂತು. ಕೊಲೆಯ ಪುಟಗಳನ್ನು ಜೋರಾಗಿಯೂ ಉಳಿದದ್ದನ್ನು ಸಣ್ಣ ದನಿಯಲ್ಲೂ ಓದುತ್ತಿದ್ದೆ. ಅಬ್ಬಿಗೆ ಕೊಲೆಗಾರ ಯಾರಾದರೂ ಒಂದೇ. “ಅವ ಅವ್ಳನ್ನ ಮದಿ ಆತ್ನಾ ಇಲ್ಯಾ, ಅದನ್ ಮೊದ್ಲ್ ಕಾಣ್” ಎನ್ನುತ್ತಿದ್ದಳು.

ಒಮ್ಮೆ ಒಂದು ಪುಸ್ತಕದ ಕೊನೆಯ ಹಾಳೆಯೇ ಇರಲಿಲ್ಲ. ಲೈಬ್ರರಿಯವನು ನಾವೇ ಹರಿದದ್ದೆಂದು ಎಂಟಾಣೆ ಕಿತ್ತುಕೊಂಡ. ಹೆಂಗಸರು ವಾರವಿಡೀ ಬೀಡಿ ಕಟ್ಟುತ್ತ ಅಂತ್ಯವನ್ನು ತಾವೇ ಕಟ್ಟಿದರು. ಇಬ್ಬರು ಮದುವೆ ಮಾಡಿಸಿದರು. ಬೈಂದೂರಿನಿಂದ ಮದುವೆಯಾಗಿ ಬಂದು, ಗಂಡ ಬೊಂಬಾಯಿ ಹೋಟೆಲಿನಲ್ಲಿದ್ದ ಒಬ್ಬಳು ಮಾತ್ರ, ಆ ಗಂಡು ಕಾಗದ ಹಾಕುತ್ತೇನೆಂದು ಹೋದವನು ಬರಲೇ ಇಲ್ಲ ಎಂದಳು. ಯಾರೂ ಎದುರಾಡಲಿಲ್ಲ.

ಆ ಜಗಲಿಯ ರುಚಿಗೆ ಹಿರಿಯರಿದ್ದರೆಂದು ಟೀಚರಾದ ಮೇಲೆ ಗೊತ್ತಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಬರೆದವರು ಗುಲ್ವಾಡಿ ವೆಂಕಟರಾಯರು. ಆ ಗುಲ್ವಾಡಿ ಕುಂದಾಪುರದ ಪಕ್ಕದ ಊರು, ಅವರ ಕೆಲಸ ಪೊಲೀಸ್ ಇಲಾಖೆಯಲ್ಲಿ! ಕಮಲಪುರವೆಂಬ ಊರು, ಎಳೆಯ ವಿಧವೆ, ಅವಳ ಸುತ್ತ ಸುಳಿಯುವ ಕಪಟ ಸಂತರು, ಮನೆ ಬಿಟ್ಟು ಓಡುವ ಹುಡುಗಿ, ವಿಲಾಯತಿಯಲ್ಲಿ ಓದಿ ಬಂದು ಅವಳ ಕೈ ಹಿಡಿಯುವ ಭಾಸ್ಕರ. ಸಮಾಜ ಸುಧಾರಣೆಯ ಪುಸ್ತಕವೆಂದು ಪಾಠ ಮಾಡುತ್ತೇವೆ. ಅದು ಸರಿಯೇ, ಆದರೆ ನನಗೆ ಅದರಲ್ಲಿ ಕೇಳುವುದು ಕತ್ತರಿ ನಿಲ್ಲುವ ಸದ್ದು. ಅಮೆರಿಕದವರು ತಮ್ಮ ಕೌಬಾಯ್ ಕಾದಂಬರಿಗಳ ಮೂಲವೆಂದು ತೋರಿಸುವ ಓವನ್ ವಿಸ್ಟರ್‌ನ ‘ದಿ ವರ್ಜೀನಿಯನ್’ ಬಂದದ್ದು 1902ರಲ್ಲಿ. ಅದರ ನಾಯಕಿ ಊರಿಗೆ ಹೊಸದಾಗಿ ಬಂದ ಟೀಚರು. ಮೂರು ವರ್ಷ ನಾವೇ ಮುಂದೆ.

ಕೋಟದ ಶಿವರಾಮ ಕಾರಂತರನ್ನೂ ಬಿಡುವಂತಿಲ್ಲ. ಇಪ್ಪತ್ತರ ದಶಕದಲ್ಲಿ ಕುಂದಾಪುರದಿಂದ ‘ವಸಂತ’ ಪತ್ರಿಕೆ ನಡೆಸಿದ ಈ ತರುಣನ ಆರಂಭದ ಕಾದಂಬರಿ ‘ವಿಚಿತ್ರಕೂಟ’ ಪತ್ತೇದಾರಿಯೇ. ‘ಚೋಮನ ದುಡಿ’ಯ ಎದುರು ಅದನ್ನು ಯಾರೂ ಎತ್ತುವುದಿಲ್ಲ. ನಮ್ಮ ಜಗಲಿಯವರು ಎತ್ತುತ್ತಿದ್ದರೇನೋ.

1983ರಲ್ಲಿ ಮಣಿಪಾಲದಿಂದ ‘ತರಂಗ’ ಶುರುವಾಯಿತು. ಅದರ ಸಂಪಾದಕರು ಸಂತೋಷಕುಮಾರ ಗುಲ್ವಾಡಿ, ಮತ್ತೆ ಅದೇ ಊರ ಹೆಸರು. ಆಗ ನಾನು ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಧಾರಾವಾಹಿಯ ಮುಂದಿನ ಕಂತು ಓದದವರ ಎದುರು ಬಾಯಿ ಬಿಡಬಾರದೆಂಬ ಕಟ್ಟಳೆ ಆ ಬಸ್ಸಿನಲ್ಲಿತ್ತು. ಓದು ಅಲ್ಲಿಂದ ಮೌನದ ಕೆಲಸವಾಯಿತು. ಬಾಡಿಗೆ ಲೈಬ್ರರಿ ಮುಚ್ಚಿ ಅಲ್ಲೀಗ ಮೊಬೈಲ್ ರಿಪೇರಿ ಅಂಗಡಿ.

ಮೊನ್ನೆ ಕೌಬಾಯ್ ಮುಗಿಯಿತು. ಚೀಟಿ ಬರೆಯುತ್ತಿದ್ದವನು ಸಿಕ್ಕಿಬಿದ್ದ. ನಾನು ಅರ್ಧದಲ್ಲೇ ಹಿಡಿದಿದ್ದೆ. ಹಾಲಿನವಳು ಬಂದಳು.

“ಮದಿ ಆಯ್ತಾ ಅಕ್ಕ?”

“ಆಯ್ತ್.”

“ಅವ್ನ ಗಂಟಿ ಎಂತ ಆಯ್ತ್?”

ಹಿಂದಕ್ಕೆ ಹೋಗಿ ಹುಡುಕಿದೆ. ಹನ್ನೊಂದನೇ ಅಧ್ಯಾಯದಲ್ಲಿ ಬೇಲಿ ದಾಟಿದ್ದ ಆ ದನಗಳನ್ನು ಆಮೇಲೆ ಯಾರೂ ಹಟ್ಟಿಗೆ ಹೊಡೆದಿರಲಿಲ್ಲ.