ನ್ಯಾಯಾಧೀಶರ ನೇಮಕ: ಅಧಿಕಾರವೂ ಕಾರಣಪ್ರಕಾಶನವೂ

ಭಾರತದ ಸಂವಿಧಾನವು ತನ್ನ 124ನೆಯ ವಿಧಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ನೇಮಿಸುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ವಹಿಸಿ, ನ್ಯಾಯಾಧೀಶರೊಡನೆ ಸಮಾಲೋಚನೆಯನ್ನು ವಿಧಿಸಿದೆ. ಆಯ್ಕೆಯ ಕಾರಣವನ್ನು ಪ್ರಕಟಿಸತಕ್ಕುದೆಂದು ಅದು ಹೇಳುವುದಿಲ್ಲ. ಈ ಮೌನದ ಫಲವು 1973ರಲ್ಲಿ ಕಂಡುಬಂದಿತು.

ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ ಆ ವರ್ಷದ ಏಪ್ರಿಲ್ 24ರಂದು ತೀರ್ಪಾಯಿತು. ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂಬುದೇ ಬಹುಮತ. ಮರುದಿನವೇ, ಆ ಬಹುಮತಕ್ಕೆ ಸೇರಿದ್ದ ಶೇಲತ್, ಕನ್ನಡನಾಡಿನ ಕೆ. ಎಸ್. ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ಬಿಟ್ಟು, ಎ. ಎನ್. ರೇ ಅವರು ಮುಖ್ಯ ನ್ಯಾಯಾಧೀಶರೆಂದು ಘೋಷಿತವಾಯಿತು. ಮೂವರೂ ರಾಜೀನಾಮೆಯಿತ್ತರು. ಲೋಕಸಭೆಯಲ್ಲಿ ಸರಕಾರದ ಸಮರ್ಥನೆಯು ಬಂದುದು ನೇಮಕವು ಮುಗಿದ ಮೇಲೆ.

ಇಲ್ಲಿ ಎರಡು ಪ್ರಶ್ನೆಗಳುಂಟು: ಆರಿಸುವವರು ಯಾರು? ಕಾರಣವನ್ನು ಅರಿಯುವವರು ಯಾರು? ಇವೆರಡೂ ಒಂದೇ ಅಲ್ಲವೆಂಬುದನ್ನು ಮುಂದಿನ ಚರಿತ್ರೆಯು ಸ್ಪಷ್ಟಪಡಿಸುತ್ತದೆ. 1981ರ ಎಸ್. ಪಿ. ಗುಪ್ತ ಮೊಕದ್ದಮೆಯ ತೀರ್ಪು ಸಮಾಲೋಚನೆಯೆಂದರೆ ಸಮ್ಮತಿಯಲ್ಲವೆಂದು ಸಾರಿ ಕಡೆಯ ಮಾತನ್ನು ಸರಕಾರಕ್ಕೇ ಬಿಟ್ಟಿತು. ಆದರೆ ನ್ಯಾಯಮಂತ್ರಿಗಳಿಗೂ ಮುಖ್ಯ ನ್ಯಾಯಾಧೀಶರಿಗೂ ನಡೆದ ಪತ್ರವ್ಯವಹಾರವನ್ನು ಬಹಿರಂಗಪಡಿಸಿತು. 1993ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಪ್ರಾಧಾನ್ಯವನ್ನು ಹಿರಿಯ ನ್ಯಾಯಾಧೀಶರ ಮಂಡಲಿಗೆ ವರ್ಗಾಯಿಸಿತು. ಕಾರಣಗಳು ಮಾತ್ರ ತೆರೆಯ ಹಿಂದೆಯೇ ಉಳಿದುವು. 2015ರಲ್ಲಿ ನೇಮಕಾತಿ ಆಯೋಗವನ್ನು ಅಸಿಂಧುಗೊಳಿಸಿದ ತೀರ್ಪಿನಲ್ಲಿ ಭಿನ್ನಮತವಿತ್ತ ಚಲಮೇಶ್ವರರು ಆಕ್ಷೇಪಿಸಿದುದು ಈ ಗೋಪ್ಯತೆಯನ್ನೇ. ಮಂಡಲಿಯ ನಿರ್ಣಯಗಳು ಪ್ರಕಟವಾಗತೊಡಗಿದುದು 2017ರ ಅಕ್ಟೋಬರಿನಲ್ಲಿ.

ಹೀಗೆ ಅಧಿಕಾರವು ಕೈಬದಲಿಸಿದ ಮಾತ್ರಕ್ಕೆ ಬೆಳಕು ಬರಲಿಲ್ಲ. ತಾನು ಕೊಡುವ ಪ್ರತಿಯೊಂದು ತೀರ್ಪಿಗೂ ಕಾರಣವನ್ನು ಬರೆಯುವ ನ್ಯಾಯಸ್ಥಾನಕ್ಕೆ, ತನ್ನ ಪೀಠವನ್ನು ತುಂಬುವ ನಿರ್ಣಯದಲ್ಲಿಯೂ ಅದೇ ನಿಯಮವು ಸಲ್ಲತಕ್ಕುದಾಗಿದೆ.