ಬಣ್ಣದ ಕಾರ್ಖಾನೆಯೂ ಅರ್ಬುದರೋಗವೂ

ಉಡುವ ಬಟ್ಟೆಯ ಕೆಂಪು ಶ್ರೋತೃಗಳೆಲ್ಲರ ಕಣ್ಣಿಗೂ ಹಬ್ಬವೇ ಸರಿ. ಆ ಬಣ್ಣವನ್ನು ತಯಾರಿಸಿದವನ ಒಡಲಿಗೆ ಏನಾಯಿತೆಂಬುದೂ ಚರಿತ್ರೆಯ ವಿಷಯವೇ.

1856ರಲ್ಲಿ ಇಂಗ್ಲೆಂಡಿನ ಪರ್ಕಿನ್ನನು ಕಲ್ಲಿದ್ದಲ ಟಾರಿನ ಮೂಲದಿಂದ ಬಣ್ಣವನ್ನು ತೆಗೆದ ಮೇಲೆ ಯೂರೋಪಿನಲ್ಲಿ ಬಣ್ಣದ ಕಾರ್ಖಾನೆಗಳು ಬೆಳೆದವು. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆಹ್ನನು, ಫುಕ್ಸಿನ್ ಎಂಬ ಕೆಂಪನ್ನು ತಯಾರಿಸುತ್ತಿದ್ದ ಕೆಲಸಗಾರರ ಮೂತ್ರಕೋಶದಲ್ಲಿ ಅರ್ಬುದಗಳನ್ನು ಕಂಡು, ಕೆಲಸಕ್ಕೂ ರೋಗಕ್ಕೂ ಸಂಬಂಧವುಂಟೆಂದು ಸಾರಿದನು. ಶಾಸ್ತ್ರವು ಪ್ರಯೋಗದ ಸಾಕ್ಷ್ಯವನ್ನು ಕೇಳಿತು.

1915ರಲ್ಲಿ ಟೋಕಿಯೋದ ಯಾಮಗಿವ, ಇಚಿಕಾವ ಎಂಬಿಬ್ಬರು ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಟಾರನ್ನು ಬಳಿದು ಚರ್ಮದಲ್ಲಿ ಅರ್ಬುದವನ್ನು ಹುಟ್ಟಿಸಿದರು. ಮೂತ್ರಕೋಶದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಏಕೆಂದರೆ ಬಣ್ಣದ ದ್ರವ್ಯಗಳಿಂದ ಇಲಿ ಮೊಲಗಳಿಗೆ ಆ ರೋಗವು ಸುಲಭವಾಗಿ ಬರುವುದಿಲ್ಲ. 1938ರಲ್ಲಿ ಅಮೆರಿಕದ ಹ್ಯೂಪರ್ ಮತ್ತು ಅವನ ಸಂಗಡಿಗರು, ಬಣ್ಣದ ತಯಾರಿಕೆಯಲ್ಲಿ ಬಳಸುತ್ತಿದ್ದ ಬೀಟಾ ನ್ಯಾಫ್ಥೈಲಮೀನನ್ನು ನಾಯಿಗಳಿಗೆ ಸುಮಾರು ಎರಡು ವರ್ಷ ಕೊಟ್ಟಾಗ, ಅವುಗಳ ಮೂತ್ರಕೋಶದಲ್ಲಿ ಅರ್ಬುದಗಳು ತೋರಿದವು. ಈ ದ್ರವ್ಯವು ಯಕೃತ್ತಿನಲ್ಲಿ ರೂಪಾಂತರ ಹೊಂದಿ, ಮೂತ್ರದೊಡನೆ ಮೂತ್ರಕೋಶವನ್ನು ಸೇರಿ, ಅಲ್ಲಿ ನಿಂತು ಕೆಡುಕನ್ನು ಮಾಡುತ್ತದೆ.

ರೆಹ್ನನ ಎಚ್ಚರಿಕೆಗೂ ನಾಯಿಗಳ ಸಾಕ್ಷ್ಯಕ್ಕೂ ನಡುವೆ 43 ವರ್ಷಗಳು ಕಳೆದವು. ಅಷ್ಟು ಕಾಲವೂ ಕಾರ್ಖಾನೆಗಳಲ್ಲಿ ಅದೇ ಪ್ರಯೋಗವು ಕೂಲಿಕಾರರ ಮೈಮೇಲೆ ನಡೆಯುತ್ತಿತ್ತೆನ್ನಬೇಕು. ಬ್ರಿಟನ್ನಿನಲ್ಲಿ ಈ ದ್ರವ್ಯವನ್ನು ಕಾನೂನು ನಿಷೇಧಿಸಿದ್ದು 1967ರಲ್ಲಿ. ಪ್ರಾಣಿಗಳ ಸಾಕ್ಷ್ಯವು ಅವಶ್ಯವೇ. ಅದು ದೊರೆಯುವವರೆಗೆ ರೋಗಿಯ ಸಾಕ್ಷ್ಯಕ್ಕೆ ಕಿವಿಗೊಡಬಾರದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.